ಎರಡು ಬ್ಯಾಟರಿಗಳ ನಡುವಿನ ತಂತಿ

ಆ ಆಂಪ್ಲಿಫೈಯರ್ ನನ್ನ ಅಂಗಡಿಗೆ ಬಂದದ್ದು ಒಂದು ಹೊಸ ಟರ್ಕಿ ಟವೆಲಿನಲ್ಲಿ ಸುತ್ತಿಕೊಂಡು. ಬಸ್ಸಿನ ಯಜಮಾನರು ಅದನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಟೇಬಲ್ಲಿನ ಮೇಲೆ ಹರಡಿದ್ದ ರೇಡಿಯೋಗಳನ್ನು ಮೊಣಕೈಯಿಂದಲೇ ಪಕ್ಕಕ್ಕೆ ತಳ್ಳಿ ಇಟ್ಟರು. ಎಂಬತ್ತರ ದಶಕದ ನಡುವಿನ ಮಾತು. ಕಡೂರಿನಲ್ಲಿ ಅಂಥ ಪೆಟ್ಟಿಗೆಯನ್ನು ಅದುವರೆಗೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಕಪ್ಪು ಬಣ್ಣ, ಮೈತುಂಬ ಶಾಖ ಬಿಡಲು ಅಲ್ಯೂಮಿನಿಯಮ್ಮಿನ ರೆಕ್ಕೆಗಳು, ಕಿರುಬೆರಳಿನ ದಪ್ಪದ ತಂತಿ ಹಿಡಿಯುವ ಸ್ಕ್ರೂಗಳು.

"ಜಪಾನಿಂದು ಕಣೋ. ಕಾರಿಗೆ ಹಾಕೋದು. ಬೊಂಬಾಯಿಂದ ತರ್ಸಿದೀನಿ. ಸೋಮವಾರ ನನ್ ಬಸ್ನಲ್ಲಿ ಹಾಡ್ಬೇಕು," ಎಂದರು.

ಅವತ್ತು ಶುಕ್ರವಾರ. ಅವರದು ತರೀಕೆರೆ. ಒಂದೇ ಬಸ್ಸು; ಬೆಳಿಗ್ಗೆ ಕಡೂರು ಬಿಟ್ಟು ಬೀರೂರಿನ ಮೇಲೆ ತರೀಕೆರೆಗೆ ಹೋಗಿ, ಅಲ್ಲಿಂದ ಅಜ್ಜಂಪುರ, ಬುಕ್ಕಾಂಬುಧಿ ಮುಟ್ಟಿ, ಅದೇ ದಾರಿಯಲ್ಲಿ ವಾಪಸು. ಹತ್ತು ನಿಮಿಷ ಹಿಂದೆ ಮುಂದೆ ಇನ್ನೊಬ್ಬರ ಬಸ್ಸು ಅದೇ ದಾರಿಯಲ್ಲಿ ಓಡುತ್ತಿತ್ತು. ಆ ಬಸ್ಸಿಗೆ ಸ್ಟೀರಿಯೋ ಬಂದ ಮೇಲೆ ಕಾಲೇಜು ಹುಡುಗರು, ಮದುವೆ ದಿಬ್ಬಣದವರು ಎಲ್ಲ ಅದಕ್ಕೇ ಕಾಯುತ್ತ ನಿಲ್ಲುತ್ತಿದ್ದರು. ನಮ್ಮ ಯಜಮಾನರ ಬಸ್ಸಿನಲ್ಲೂ ಟೇಪು ಇತ್ತು, ಅದಕ್ಕೆ ನಾನೇ ಕಟ್ಟಿಕೊಟ್ಟ ಆಂಪ್ಲಿಫೈಯರೂ ಇತ್ತು. ತಗಡಿನ ಡಬ್ಬಿ, ಬೆಂಗಳೂರಿನಿಂದ ತಂದ ಟ್ರಾನ್ಸಿಸ್ಟರುಗಳು. ಎರಡು ವರ್ಷ ಒಂದು ದಿನವೂ ಕೈಕೊಟ್ಟಿರಲಿಲ್ಲ. ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. "ಯಜಮಾನ್ರೇ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ ಅಂತ ಮೊದಲು ಕೇಳಿ ನೋಡಿ. ಆಮೇಲೆ ಹಾಕೋಣ," ಎಂದೆ.

ಶನಿವಾರ ಮಧ್ಯಾಹ್ನ ಬಸ್ಸನ್ನು ಅಂಗಡಿ ಮುಂದೆ ನಿಲ್ಲಿಸಿಕೊಂಡು ಪರೀಕ್ಷೆ ಇಟ್ಟೆ. ಪರೀಕ್ಷೆಗೆ ಜಪಾನಿನದಕ್ಕೆ ಅಂಗಡಿಯ ಬ್ಯಾಟರಿಯಿಂದಲೇ ಕರೆಂಟು ಕೊಟ್ಟೆ. ಎರಡೂ ಆಂಪ್ಲಿಫೈಯರುಗಳಿಗೆ ಒಂದೇ ಟೇಪು, ಅವೇ ಸ್ಪೀಕರುಗಳು. ನಡುವೆ ಆ ಕಡೆ ಈ ಕಡೆ ಒತ್ತುವ ಒಂದು ಸ್ವಿಚ್ಚು. ಸ್ವಿಚ್ಚು ನನ್ನ ಕೈಯಲ್ಲಿ, ಪರದೆಯ ಹಿಂದೆ. ಇದರಲ್ಲಿ ಒಂದು ಎಚ್ಚರ ಬೇಕು. ಯಾವುದರ ಸದ್ದು ಒಂದು ಕೂದಲೆಳೆ ಜಾಸ್ತಿಯೋ ಅದೇ ಚೆನ್ನಾಗಿದೆ ಎಂದು ಕಿವಿ ಹೇಳಿಬಿಡುತ್ತದೆ. ಹಾಗಾಗಿ ಸ್ಪೀಕರಿನ ತುದಿಯಲ್ಲಿ ಮೀಟರ್ ಇಟ್ಟು ಎರಡರ ವೋಲ್ಟೇಜನ್ನೂ ಸಮ ಮಾಡಿಕೊಂಡೆ. ಕೇಳಲು ಕೂತವರು ಮೂವರು: ಯಜಮಾನರು, ಕಂಡಕ್ಟರು, ಮತ್ತು ಡ್ರೈವರಣ್ಣ.

ಡ್ರೈವರಣ್ಣ ಯಗಟಿಯವನು, ನನಗಿಂತ ಹದಿನೈದು ವರ್ಷ ದೊಡ್ಡವನು. ಊರಿನ ನಾಟಕಗಳಿಗೆ ತಬಲ ನುಡಿಸುತ್ತಿದ್ದವನು. ಸ್ಟಿಯರಿಂಗಿನ ಮೇಲೂ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ.

ಮೊದಲು ಎಂಜಿನ್ ಚಾಲೂ ಮಾಡಿಸಿ ಕೇಳಿಸಿದೆ. ಹತ್ತು ಸಲ ಸ್ವಿಚ್ಚು ಬದಲಾಯಿಸಿದೆ. ಯಜಮಾನರು ಆರು ಸಲ ನನ್ನ ತಗಡಿನ ಡಬ್ಬಿಯನ್ನೇ ಜಪಾನಿನದು ಎಂದರು. ಕಂಡಕ್ಟರು ಯಜಮಾನರ ಮುಖ ನೋಡಿ ಅವರು ಹೇಳಿದ್ದನ್ನೇ ಹೇಳಿದ. ಡ್ರೈವರಣ್ಣ ಮಾತ್ರ, "ಈ ಗಲಾಟೇಲಿ ಏನ್ ಗೊತ್ತಾಗ್ತದಪ್ಪಾ," ಎಂದು ಸುಮ್ಮನಾದ.

ಆಮೇಲೆ ಎಂಜಿನ್ ಆರಿಸಿದೆವು. ಬಸ್ಸಿನೊಳಗೆ ನಿಶ್ಶಬ್ದ. ಈಗ ಡ್ರೈವರಣ್ಣ ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿದ. ಹೇಗೆ ಎಂದು ಕೇಳಿದೆ.

"ನಿಂದು ಕೆಟ್ಟದ್ದಲ್ಲ ಕಣಪ್ಪ. ಆದ್ರೆ ಇದ್ರಲ್ಲಿ ತಬಲದವ್ನ ಬೆರಳು ಬೇರೆ, ಅಂಗೈ ಬೇರೆ ಕೇಳ್ತದೆ. ನಿಂದ್ರಲ್ಲಿ ಎರಡೂ ಸೇರ್ಕೊಂಬಿಡ್ತವೆ."

ನಾನು ಪರದೆ ಸರಿಸಿ ಹೊರಗೆ ಬಂದೆ. ಅವನ ಮುಖದಲ್ಲಿ ಎಂದೂ ಕಾಣದ ಒಂದು ಸಂತೋಷವಿತ್ತು. ದುಬಾರಿ ಆಂಪ್ಲಿಫೈಯರಿಗೆ ಅಷ್ಟು ದುಡ್ಡು ಸುರಿಯಬಹುದೇ ಎಂದು ಇವತ್ತಿಗೂ ಕಾರಿನವರು ನನ್ನನ್ನು ಕೇಳುತ್ತಾರೆ. ಗಾಡಿ ನಿಂತಿದ್ದರೆ, ಕೇಳುವವನಿಗೆ ಕಿವಿ ಇದ್ದರೆ, ಹೌದು. ಓಡುವ ಬಸ್ಸಿಗೆ ಖಂಡಿತ ಬೇಡ. ಇದು ಅವತ್ತೇ ಪರೀಕ್ಷೆ ಮಾಡಿ ತಿಳಿದದ್ದು. ಯಜಮಾನರಿಗೂ ಹೇಳಿದೆ.

ಅವರು ಟವೆಲ್ಲು ಮಡಚಿಕೊಳ್ಳುತ್ತ, "ಕೇಳ್ಸೋಕಲ್ಲ ಕಣೋ, ತೋರ್ಸೋಕೆ. ಡ್ರೈವರ್ ಹಿಂದ್ಗಡೆ ಗಾಜಿನ ಪೆಟ್ಟಿಗೆ ಮಾಡ್ಸಿ ಇಡು," ಎಂದರು.

ಇನ್ನೊಂದು ತೊಡಕಿತ್ತು. ಅದೇ ಮುಖ್ಯವಾದದ್ದು. ಬಸ್ಸಿನಲ್ಲಿ ಎರಡು ಬ್ಯಾಟರಿ ಒಂದರ ಹಿಂದೊಂದು ಸೇರಿಸಿ ಇಪ್ಪತ್ನಾಲ್ಕು ವೋಲ್ಟು ಮಾಡಿರುತ್ತಾರೆ. ನಾನು ಕಟ್ಟಿದ್ದ ಡಬ್ಬಿ ಇಪ್ಪತ್ನಾಲ್ಕಕ್ಕೇ ಕಟ್ಟಿದ್ದು. ಜಪಾನಿನದು ಕಾರಿಗೆ ಹುಟ್ಟಿದ್ದು, ಅದಕ್ಕೆ ಹನ್ನೆರಡೇ ವೋಲ್ಟು ಬೇಕು. ಸರಿಯಾದ ದಾರಿ ಎಂದರೆ ಇಪ್ಪತ್ನಾಲ್ಕನ್ನು ಹನ್ನೆರಡಕ್ಕೆ ಇಳಿಸುವ ಒಂದು ಕನ್ವರ್ಟರ್ ಕಟ್ಟುವುದು. ಬೆಂಗಳೂರಿಗೆ ಹೋಗಿ ಸಾಮಾನು ತಂದು, ಕಟ್ಟಿ, ಶಾಖ ನೋಡಿ ಮುಗಿಸಲು ಹತ್ತು ದಿನ.

"ಹತ್ತು ದಿನ ಯಾರು ಕಾಯ್ತಾರೆ? ಬೇರೆಯೋರೆಲ್ಲ ಹೆಂಗ್ ಹಾಕ್ತಾರೆ?" ಎಂದರು ಯಜಮಾನರು.

ಬೇರೆಯವರು ಹೇಗೆ ಹಾಕುತ್ತಾರೆ ಎಂಬುದು ನಮ್ಮ ಕಸುಬಿನ ಎಲ್ಲರಿಗೂ ಗೊತ್ತಿತ್ತು. ಎರಡು ಬ್ಯಾಟರಿಗಳನ್ನು ಸೇರಿಸುವ ಪಟ್ಟಿಗೆ, ನಟ್ಟನಡುವೆ, ಒಂದು ತಂತಿ ಬಿಗಿದರೆ ಆಯಿತು, ಒಂದೇ ಬ್ಯಾಟರಿಯ ಹನ್ನೆರಡು ವೋಲ್ಟು ಸಿಗುತ್ತದೆ. ಐದು ನಿಮಿಷದ ಕೆಲಸ. ಅದರ ಪಾಪ ಆಮೇಲೆ ಕಾಣುತ್ತದೆ. ಒಂದೇ ನೊಗದ ಎರಡು ಎತ್ತಿನಲ್ಲಿ ಒಂದಕ್ಕೆ ಮಾತ್ರ ದುಡಿಮೆ, ಮೇವು ಮಾತ್ರ ಎರಡಕ್ಕೂ ಸಮ ಎಂದರೆ ಏನಾಗುತ್ತದೋ ಅದೇ. ದುಡಿಯುವ ಬ್ಯಾಟರಿ ಹಸಿದು ಸೊರಗುತ್ತದೆ. ಸುಮ್ಮನೆ ಕೂತ ಬ್ಯಾಟರಿಗೆ ಚಾರ್ಜು ಹೆಚ್ಚಾಗಿ ಒಳಗಿನ ಆಸಿಡ್ಡು ಕುದಿಯುತ್ತದೆ, ನೀರು ಆರುತ್ತದೆ, ಗ್ಯಾಸು ಏಳುತ್ತದೆ. ಆ ಗ್ಯಾಸಿಗೆ ಕಿಡಿ ತಾಗಿದರೆ ಸಿಡಿಯುತ್ತದೆ.

ಅದಕ್ಕೇ ಹಾಗೆ ತಂತಿ ಎಳೆದವರು ಡ್ರೈವರಿಗೆ ಒಂದು ಮಾತು ಹೇಳುವ ಪದ್ಧತಿ ಇತ್ತು: ಹದಿನೈದು ದಿನಕ್ಕೊಮ್ಮೆ ಎರಡೂ ಬ್ಯಾಟರಿಗಳನ್ನು ಅದಲು ಬದಲು ಮಾಡು, ಹತ್ತಿರ ಬೆಂಕಿ ತರಬೇಡ.

ಭಾನುವಾರ ಇಡೀ ದಿನ ಕೂತು ಹಾಕಿದೆ. ಬ್ಯಾಟರಿ ಪೆಟ್ಟಿಗೆ ಬಾಗಿಲ ಮೆಟ್ಟಿಲಿನ ಒಳಬದಿಗೆ, ಕತ್ತಲಲ್ಲಿ ಇತ್ತು. ಅಲ್ಲಿಂದ ದಪ್ಪ ತಂತಿಯನ್ನು ರಬ್ಬರ್ ಕೊಳವೆಯೊಳಗೆ ತೂರಿಸಿ, ಫ್ಯೂಸು ಹಾಕಿ, ಡ್ರೈವರ್ ಸೀಟಿನ ಹಿಂದಕ್ಕೆ ತಂದೆ. ಎಂಜಿನ್ ಚಾಲೂ ಮಾಡಿದೊಡನೆ ಸ್ಪೀಕರಿನಲ್ಲಿ 'ಕುಂಯ್' ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತಿತ್ತು. ಬಸ್ಸಿನ ಮೈಗೆ ಬೇರೆ ಬೇರೆ ಕಡೆ ಕೊಟ್ಟಿದ್ದ ಅರ್ತ್ ತಂತಿಗಳನ್ನೆಲ್ಲ ಕಿತ್ತು ಒಂದೇ ಬೋಲ್ಟಿಗೆ ತಂದೆ. ಅರ್ಧ ಇಳಿಯಿತು. ಹಳೆಯ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ದಪ್ಪ ತಂತಿ ಸುತ್ತಿ, ಆ ಸದ್ದನ್ನು ತಡೆಯುವ ಒಂದು ಚೋಕು ಮಾಡಿ ನಡುವೆ ಕೂರಿಸಿದೆ. ಪೂರ್ತಿ ನಿಂತಿತು. ಸಂಜೆ ಐದಕ್ಕೆ ಹಾಡು ಹಚ್ಚಿದಾಗ ನನಗೇ ಮೈ ಜುಮ್ಮೆಂದಿತು.

ಇಷ್ಟೆಲ್ಲ ಮಾಡಿದವನು ಆ ಒಂದು ಮಾತನ್ನು ಹೇಳಲಿಲ್ಲ. ಮರೆತು ಅಲ್ಲ. ಯಜಮಾನರು ಪಕ್ಕದಲ್ಲೇ ನಿಂತು ನಾಲ್ಕು ಜನಕ್ಕೆ ನನ್ನ ಕೆಲಸ ತೋರಿಸುತ್ತಿದ್ದರು. ಈಗ ಹೋಗಿ ಬ್ಯಾಟರಿ ಅದಲು ಬದಲು ಮಾಡುತ್ತಿರಬೇಕು ಎಂದರೆ ಕೆಲಸ ಅರೆಬರೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಒಂದು ತಿಂಗಳೊಳಗೆ ಕನ್ವರ್ಟರ್ ಕಟ್ಟಿ ಹಾಕಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಇದು ಜಂಬ. ಬೇರೆ ಹೆಸರಿಲ್ಲ ಇದಕ್ಕೆ.

ಬಸ್ಸು ತುಂಬಿತು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ದೀಪ ಉರಿಯುವುದನ್ನು ನೋಡಲೆಂದೇ ಜನ ಹತ್ತಿದರು. ಭಾನುವಾರದ ಕೆಮ್ಮಣ್ಣುಗುಂಡಿ ಟ್ರಿಪ್ಪಿಗೂ ಇದೇ ಬಸ್ಸು ಬೇಕು ಎನ್ನುವವರು ಹೆಚ್ಚಿದರು. ಬುಕ್ಕಾಂಬುಧಿಯಲ್ಲಿ ಬಸ್ಸು ಒಂದೂವರೆ ಗಂಟೆ ನಿಲ್ಲುತ್ತಿತ್ತು. ಡ್ರೈವರಣ್ಣ ಅದನ್ನು ಕೆರೆ ಏರಿಯ ಪಕ್ಕ ನೆರಳಿಗೆ ಹಾಕಿ, ಎಂಜಿನ್ ಆರಿಸಿ, ಊಟದ ಡಬ್ಬಿ ಬಿಚ್ಚಿಕೊಂಡು, ಆ ಒಂದೂವರೆ ಗಂಟೆಯೂ ಹಾಡು ಕೇಳುತ್ತಿದ್ದನಂತೆ. ಕಂಡಕ್ಟರು ನಗುತ್ತ ಹೇಳಿದ್ದ. ಎಂಜಿನ್ ಆರಿಸಿ ಕೇಳಿದರೆ ಆ ಒಂದೇ ಬ್ಯಾಟರಿಯ ಮೇಲೆ ಎಷ್ಟು ಭಾರ ಬೀಳುತ್ತದೆಂದು ನನಗೆ ಗೊತ್ತಿತ್ತು. ಆದರೂ ನಾನು ಅವನೊಡನೆ ನಕ್ಕೆ.

ಒಂದೂವರೆ ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಡ್ರೈವರಣ್ಣ ಅಂಗಡಿಗೆ ಬಂದ.

"ಏನಪ್ಪಾ, ಒಂದ್ ಬ್ಯಾಟ್ರಿ ನೀರು ವಿಪರೀತ ಕುಡೀತದೆ. ಇನ್ನೊಂದು ಮುಟ್ಟೋದೇ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗೋಕೂ ತಿಣುಕ್ತದೆ. ಕೊಳೆತ ಮೊಟ್ಟೆ ನಾತ ಬೇರೆ. ಒಸಿ ಬಂದು ನೋಡ್ಬಾರ್ದಾ?"

ಕೇಳಿದ ತಕ್ಷಣ ನನಗೆ ಕಾರಣ ಗೊತ್ತಾಯಿತು. ನೋಡುವ ಅಗತ್ಯವೇ ಇರಲಿಲ್ಲ. ಆಗ ಟಿವಿ ಹೊಸದಾಗಿ ಬಂದು, ಮನೆ ಮನೆಯ ಮೇಲೂ ಉದ್ದ ಕಂಬ, ಆಂಟೆನಾ, ಬೂಸ್ಟರು ಎಂದು ನಾನು ತಾರಸಿಯಿಂದ ತಾರಸಿಗೆ ಹತ್ತಿಳಿಯುತ್ತಿದ್ದ ಕಾಲ. "ನೀರು ಹಾಕ್ತಾ ಇರಣ್ಣ. ಭಾನುವಾರ ಬತ್ತೀನಿ," ಎಂದೆ.

"ಬೇರೇನೂ ತೊಂದ್ರೆ ಇಲ್ವಲ್ಲ?"

"ಏನೂ ಇಲ್ಲ."

ಆ ಭಾನುವಾರ ಹೋಗಲಿಲ್ಲ. ಮುಂದಿನ ಭಾನುವಾರವೂ ಹೋಗಲಿಲ್ಲ.

ಅದಾದ ಬುಧವಾರ ಸಂಜೆ ಕಂಡಕ್ಟರು ಬೇರೆ ಬಸ್ಸಿನಲ್ಲಿ ಕಡೂರಿಗೆ ಬಂದು ನನ್ನ ಅಂಗಡಿಯ ಮುಂದೆ ನಿಂತ. ಅವನ ಅಂಗಿಯ ತೋಳು ಅಲ್ಲಲ್ಲಿ ತೂತುಬಿದ್ದಿತ್ತು. ಅಜ್ಜಂಪುರದ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಹೊರಡುವ ಹೊತ್ತಿಗೆ ಬಸ್ಸು ಸ್ಟಾರ್ಟ್ ಆಗಲಿಲ್ಲವಂತೆ. ಜನ ಇಳಿದು ತಳ್ಳಿದರೂ ಆಗಲಿಲ್ಲ. ನೀರು ಆರಿರಬೇಕೆಂದು ಡ್ರೈವರಣ್ಣ ಬ್ಯಾಟರಿ ನೀರಿನ ಬಾಟಲು ಹಿಡಿದು ಮೆಟ್ಟಿಲ ಬಳಿ ಬಗ್ಗಿ, ಮುಚ್ಚಳಗಳನ್ನು ಬಿಚ್ಚಿದ. ಒಳಗೆ ಕತ್ತಲು. ನೀರು ಎಷ್ಟಿದೆಯೆಂದು ನೋಡಲು ಬೆಂಕಿಕಡ್ಡಿ ಗೀರಿದ.

"ಪಟಾಕಿ ಹೊಡ್ದಂಗಾಯ್ತು ಕಣ್ರೀ. ಮುಖಕ್ಕೆಲ್ಲ ಆಸಿಡ್ಡು. ನಾನು ಹೋಟ್ಲಿಂದ ಹಂಡೆ ತಂದು ನೀರು ಸುರಿದೆ. ಸುಟ್ಟಿದ್ದಕ್ಕೆ ನೀರು ಹಾಕ್ಬೇಡಿ ಅಂತ ಜನ ನನ್ ಕೈ ಹಿಡಿಯೋಕ್ ಬಂದ್ರು. ನಾನ್ ಬಿಡ್ಲಿಲ್ಲ," ಎಂದ ಕಂಡಕ್ಟರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಅಳತೊಡಗಿದ.

ಡ್ರೈವರಣ್ಣನನ್ನು ಶಿವಮೊಗ್ಗಕ್ಕೆ ಒಯ್ದಿದ್ದರು. ನಾನು ಶಿವಮೊಗ್ಗಕ್ಕೆ ಹೋಗಲಿಲ್ಲ. ಮರುದಿನ ಅಜ್ಜಂಪುರಕ್ಕೆ, ಬಸ್ಸಿನ ಹತ್ತಿರ ಹೋದೆ. ಮನುಷ್ಯನ ಮುಖ ನೋಡುವುದಕ್ಕಿಂತ ಯಂತ್ರದ ಮುಖ ನೋಡುವುದು ನನಗೆ ಸುಲಭವಾಗಿತ್ತು. ಮೀಟರ್ ಹಚ್ಚಿದೆ. ಹಾಡಿಗೆ ಕೊಟ್ಟ ಬ್ಯಾಟರಿಯಲ್ಲಿ ಹತ್ತು ವೋಲ್ಟು ಚಿಲ್ಲರೆ; ಆಸಿಡ್ಡಿನ ಕಸುವು ತೋರಿಸುವ ಹೈಡ್ರೋಮೀಟರಿನ ತೇಲುವ ಕಡ್ಡಿ ತಳಕ್ಕೆ ಕೂತಿತ್ತು. ಇನ್ನೊಂದರ ಮೇಲ್ಭಾಗ ಹಾರಿಹೋಗಿತ್ತು. ಒಡೆಯದೆ ಉಳಿದ ಕೋಣೆಗಳಲ್ಲೂ ಪ್ಲೇಟುಗಳು ಸೊಟ್ಟಗಾಗಿ, ನೀರಿಲ್ಲದೆ ಒಣಗಿ ನಿಂತಿದ್ದವು. ಪುಸ್ತಕದಲ್ಲಿ ಬರೆದ ಹಾಗೇ ಆಗಿತ್ತು. ನಟ್ಟನಡುವೆ ನಾನು ಬಿಗಿದ ನಟ್ಟು ಒಂದಿಷ್ಟೂ ಸಡಿಲವಾಗಿರಲಿಲ್ಲ. ಅಷ್ಟು ಗಟ್ಟಿಯಾಗಿ ಬಿಗಿದಿದ್ದೆ.

ಡ್ರೈವರಣ್ಣನ ಬಲಗಣ್ಣು ಉಳಿಯಿತು. ಕಂಡಕ್ಟರು ಸುರಿದ ನೀರಿನಿಂದಲೇ ಉಳಿಯಿತೆಂದು ಡಾಕ್ಟರು ಹೇಳಿದರಂತೆ. ಎಡಗಣ್ಣು ಹೋಯಿತು. ಒಂದೇ ಕಣ್ಣಿನವನಿಗೆ ಬಸ್ಸು ಓಡಿಸುವ ಲೈಸೆನ್ಸು ಯಾರು ಕೊಡುತ್ತಾರೆ? ಇಪ್ಪತ್ತು ವರ್ಷದಿಂದ ಆ ಒಂದು ಕೆಲಸ ಬಿಟ್ಟು ಬೇರೆ ಮಾಡಿದವನಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ಅವನು.

ತಿಂಗಳಾದ ಮೇಲೆ ಯಜಮಾನರು ತರೀಕೆರೆಯ ತಮ್ಮ ಶೆಡ್ಡಿಗೆ ಎಲ್ಲರನ್ನೂ ಕರೆಸಿದರು. ಡ್ರೈವರಣ್ಣನ ಹೆಂಡತಿ ಬಂದು, ಇವರಿಗೆ ಏನಾದರೂ ಒಂದು ದಾರಿ ಮಾಡಿಕೊಡಿ, ಸ್ಟ್ಯಾಂಡಿನಲ್ಲಿ ಟಿಕೆಟ್ ಬರೆಯುವ ಕೆಲಸವನ್ನಾದರೂ ಕೊಡಿ ಎಂದು ಕೇಳಿದ್ದರಂತೆ. ನಾನು ಒಂದು ಗಂಟೆ ಮೊದಲೇ ಬರಬೇಕೆಂದು ಹೇಳಿಕಳಿಸಿದ್ದರು. ಹೋದೆ.

"ನೋಡು," ಎಂದರು ಯಜಮಾನರು, ಬಾಗಿಲು ಮುಂದೆ ಮಾಡಿ. "ಇಲ್ಲಿಯ ಎಲೆಕ್ಟ್ರಿಷಿಯನ್ ಒಬ್ಬ ಹೇಳ್ದ. ಹಂಗೆ ತಂತಿ ಎಳೆದ್ರೆ ಬ್ಯಾಟ್ರಿ ಅದಲು ಬದಲು ಮಾಡ್ತಾ ಇರ್ಬೇಕಂತೆ. ಡ್ರೈವರ್‌ಗೆ ಹೇಳಿದ್ದೆ, ಅವ್ನೇ ಮಾಡ್ಲಿಲ್ಲ ಅನ್ನು. ಬೆಂಕಿಕಡ್ಡಿ ಗೀರಿದ್ದೂ ಅವ್ನೇ ತಾನೆ? ನಿಂಗೂ ನೆಮ್ಮದಿ, ನಂಗೂ ನೆಮ್ಮದಿ. ಕೈಲಾದ್ದು ಕೊಟ್ಟು ಕಳಿಸ್ತೀನಿ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಆ ಒಂದು ಗಂಟೆ ಶೆಡ್ಡಿನ ಹೊರಗೆ ಹಳೆಯ ಟಯರಿನ ಮೇಲೆ ಕೂತು ಅದನ್ನೇ ಯೋಚಿಸಿದೆ. ನನಗೂ ಮನೆ ಇತ್ತು, ಅಂಗಡಿ ಇತ್ತು. ಆ ಸೀಮೆಯ ಆರು ಬಸ್ಸಿನ ಕೆಲಸ ಈ ಯಜಮಾನರ ಮಾತಿನ ಮೇಲೆ ನನಗೆ ಬರುತ್ತಿತ್ತು. ಹೇಳಿದ್ದೆ ಎಂದುಬಿಟ್ಟರೆ ಇಲ್ಲವೆನ್ನಲು ಡ್ರೈವರಣ್ಣನ ಹತ್ತಿರ ಸಾಕ್ಷಿ ಇರಲಿಲ್ಲ. ಆ ಸುಳ್ಳನ್ನೇ ಹೇಳಿಬಿಡೋಣ ಎಂದೇ ಒಳಗೆ ಹೋದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೇ ಹೋದೆ.

ಡ್ರೈವರಣ್ಣ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದ. ಎಡಗಣ್ಣಿನ ಮೇಲೆ ಹತ್ತಿಯಿಟ್ಟು ಪಟ್ಟಿ. ಕೆನ್ನೆಯ ಚರ್ಮ ಬೆಳ್ಳಗೆ ಸುಲಿದಿತ್ತು. ಪಕ್ಕದಲ್ಲಿ ಹೆಂಡತಿ, ಬಾಗಿಲ ಬಳಿ ಕಂಡಕ್ಟರು. ಯಜಮಾನರು ಮಾತು ಶುರುಮಾಡಿದರು. "ಬ್ಯಾಟ್ರಿ ನೋಡ್ಕೊಳ್ಳೋದು ಡ್ರೈವರ್ ಜವಾಬ್ದಾರಿ. ಅದಲು ಬದಲು ಮಾಡ್ಬೇಕು ಅಂತ ಇವ್ನು ಹೇಳಿದ್ದ. ಅಲ್ವೇನೋ?"

ಡ್ರೈವರಣ್ಣನ ಹೆಂಡತಿ ನನ್ನ ಕಡೆ ತಿರುಗಿದರು. "ಹೇಳಿದ್ಯೇನಪ್ಪಾ? ಹೇಳಿದ್ರೆ ಹೇಳಿದ್ದೆ ಅನ್ನು. ಇವ್ರು ದಿನಾ ರಾತ್ರಿ, ನಾನೇನು ತಪ್ಪು ಮಾಡ್ದೆ, ಯಾರು ಏನು ಹೇಳಿದ್ದು ಮರೆತೆ ಅಂತ ಹಲುಬ್ತಾರೆ. ಕಣ್ಣಂತೂ ಹೋಯ್ತು. ತಪ್ಪನ್ನೂ ಹೊತ್ಕೊಂಡು ಮನೇಗ್ ಹೋಗ್ಬೇಕಾ, ಬ್ಯಾಡ್ವಾ, ಅಷ್ಟು ಹೇಳು."

ಆ ಹೆಂಗಸು ಬೈದಿದ್ದರೆ ನಾನು ಸುಳ್ಳು ಹೇಳುತ್ತಿದ್ದೆ ಎಂದೇ ಈಗಲೂ ಅನಿಸುತ್ತದೆ. ಅವರು ಬೈಯಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು.

"ನಾನು ಹೇಳಿರ್ಲಿಲ್ಲ," ಎಂದೆ. "ಅಣ್ಣಂಗೂ ಹೇಳಿರ್ಲಿಲ್ಲ, ಯಜಮಾನ್ರಿಗೂ ಹೇಳಿರ್ಲಿಲ್ಲ. ಅಲ್ಲಿಂದ ಕರೆಂಟು ತೆಗೆದಿದ್ದೇ ತಪ್ಪು. ತಪ್ಪು ಅಂತ ಗೊತ್ತಿದ್ದೇ ತೆಗೆದೆ. ನೀರು ಆರ್ತದೆ ಅಂತ ಅಣ್ಣ ಬಂದು ಹೇಳ್ದಾಗ್ಲೂ ಯಾಕೆ ಅಂತ ನಂಗೆ ಗೊತ್ತಿತ್ತು."

ಯಜಮಾನರು ಎದ್ದು ನಿಂತು ಬಾಯಿಗೆ ಬಂದಂತೆ ಬೈದರು. ನನ್ನ ಕಸುಬು, ನನ್ನ ಜಾತಕ, ನಮ್ಮಪ್ಪ, ಒಂದನ್ನೂ ಬಿಡಲಿಲ್ಲ. ಬಾಗಿಲ ಬಳಿಯಿಂದ ಕಂಡಕ್ಟರು ಮೊದಲ ಸಲ ಅವರೆದುರು ದನಿ ಎತ್ತಿದ: "ಸೋಮವಾರಕ್ಕೇ ಹಾಡ್ಬೇಕು ಅಂದೋರು ನೀವೇ ಅಲ್ವ್ರಾ?" ಕೊನೆಗೆ ಯಜಮಾನರು, ತರೀಕೆರೆ ಸ್ಟ್ಯಾಂಡಿನಲ್ಲಿ ಟಿಕೆಟ್ ಬರೆಯುವ ಕೆಲಸ ಡ್ರೈವರಣ್ಣನಿಗೆ ಎಂದು ಒಪ್ಪಿದರು. ಸಂಬಳ ಮೊದಲಿನ ಅರ್ಧ. ನನ್ನ ಕಡೆ ನೋಡದೆಯೇ, "ನೀನು ಇನ್ನು ಈ ಲೈನಿನ ಯಾವ ಬಸ್ಸೂ ಮುಟ್ಟೋ ಹಾಗಿಲ್ಲ," ಎಂದರು. ಹಾಗೇ ಆಯಿತು. ಮುಟ್ಟಲಿಲ್ಲ.

ಹೊರಗೆ ಬಂದೆ. ಡ್ರೈವರಣ್ಣನ ಹೆಂಡತಿ ಕಂಡಕ್ಟರಿನೊಡನೆ ಏನೋ ಮಾತಾಡುತ್ತ ಒಳಗೇ ಉಳಿದಿದ್ದರು. ಅವನು ನಿಧಾನವಾಗಿ ಬಂದು ರಸ್ತೆಯ ಅಂಚಿಗೆ ನನ್ನ ಪಕ್ಕದಲ್ಲಿ ನಿಂತ. ಆಚೆ ಬದಿಯಲ್ಲಿ ಟೀ ಅಂಗಡಿ. ನಾನು, "ಅಣ್ಣಾ, ನನ್ನಿಂದ..." ಎಂದು ಶುರುಮಾಡಿದೆ.

"ಇವತ್ತು ನಿಜ ಹೇಳ್ದೆ, ಒಳ್ಳೇದಾಯ್ತು," ಎಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಅವತ್ತು ನಿನ್ ಅಂಗಡಿಗೆ ಬಂದಿದ್ನಲ್ಲ, ಆಗ ಹೇಳ್ಬೇಕಿತ್ತು ಕಣಪ್ಪ. ಒಂದ್ ಮಾತು."

ಅವನು ಕೈ ಚಾಚಿದ. "ಹಿಡ್ಕೊ. ಟೀ ಕುಡಿಯಾಣ. ಎಡಗಡೆ ಏನೂ ಕಾಣಲ್ಲ, ರಸ್ತೆ ದಾಟೋಕೆ ಇನ್ನೂ ಅಭ್ಯಾಸ ಆಗಿಲ್ಲ."

ಅವನ ಎಡಗೈ ಹಿಡಿದುಕೊಂಡೆ. ಬೆರಳುಗಳು ತಣ್ಣಗಿದ್ದವು.

"ಆ ಕಡೆಯಿಂದ ಗಾಡಿ ಏನಾದ್ರೂ ಬತ್ತಾ ಇದ್ಯಾ?" ಎಂದು ಕೇಳಿದ.

ನೋಡಿದೆ. ರಸ್ತೆ ಖಾಲಿಯಿತ್ತು. "ಏನೂ ಇಲ್ಲ," ಎಂದೆ.

ಅವನು ಕಾಲು ಎತ್ತಲಿಲ್ಲ. ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಉಳಿದಿದ್ದ ಒಂದು ಕಣ್ಣಿನಿಂದ ರಸ್ತೆಯ ಆ ತುದಿಯವರೆಗೆ ತಾನೇ ನೋಡಿಕೊಂಡು, ಆಮೇಲೆ ಹೆಜ್ಜೆ ಇಟ್ಟ.